ಹಿಂಬರುವ ನೀರಿನ ಬಿಸಿ

ಕಳೆದ ವರ್ಷ ಅಕ್ಟೋಬರ್ ಒಂಬತ್ತರಂದು ಆಂಡರ್ಸನ್‌ಪೇಟೆಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯ ಗೋಡೆಗೆ ಒಂದು ಕಾಗದ ಅಂಟಿಸಲಾಯಿತು. 'ಬಾಯ್ಲರ್ ನೋಡಿಕೊಳ್ಳುವ ಸಿಬ್ಬಂದಿಯ ಅಜಾಗರೂಕತೆಯಿಂದ ಉಪಕರಣ ಹಾಳಾಗಿದ್ದು, ತಿಂಗಳ ಕೊನೆಗೆ ಅದನ್ನು ತೆಗೆಸಿ ಸಿಬ್ಬಂದಿಯನ್ನು ಬಿಡುಗಡೆ ಮಾಡಲಾಗುವುದು' ಎಂದು ಅದರಲ್ಲಿ ಬರೆದಿತ್ತು. ಅಲ್ಲಿ ಸಿಬ್ಬಂದಿ ಎಂದರೆ ಒಬ್ಬರೇ, ದೊಡ್ಡವೆಂಕಟಪ್ಪನವರು. ಇಪ್ಪತ್ತಾರು ವರ್ಷ ಬೆಂಕಿಯ ಮುಂದೆ ನಿಂತವರ ಹೆಸರು ಬರೆಯುವಷ್ಟು ಸೌಜನ್ಯವೂ ಆ ಕಾಗದಕ್ಕೆ ಇರಲಿಲ್ಲ. ನಾನು ಬಂಗಾರಪೇಟೆಯಲ್ಲಿ ಮೂವತ್ತಾರು ವರ್ಷ ರೈಲ್ವೆ ಫಿಟ್ಟರ್ ಆಗಿ ದುಡಿದು ಈಗ ಪಿಂಚಣಿಯಲ್ಲಿರುವವನು. ಬಾಯ್ಲರ್ ಎಂದರೇನು ಎಂಬುದು ನನಗೆ ಗೊತ್ತು. ಅಜಾಗರೂಕತೆ ಎಂದರೇನು ಎಂಬುದೂ ಗೊತ್ತು. ಆ ಕಾಗದದಲ್ಲಿ ಒಂದು ಪದ ತಪ್ಪಾಗಿದೆ. ಅದನ್ನು ಯಾರೂ ತಿದ್ದಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ದೊಡ್ಡವೆಂಕಟಪ್ಪನವರು ಕ್ಯಾಸಂಬಳ್ಳಿ ಕಡೆಯವರು. ಸ್ವಂತ ನೆಲವಿಲ್ಲ, ಕೂಲಿಯ ಮನೆತನ. ೧೯೯೮ರಲ್ಲಿ ಆಸ್ಪತ್ರೆಯ ಹಿತ್ತಲಿನಲ್ಲಿ ಸೌದೆಯ ಬಾಯ್ಲರ್ ಕೂರಿಸಿದಾಗ ಕಬ್ಬಿಣ ಇಳಿಸಲು ಬಂದ ಆರು ಜನರಲ್ಲಿ ಅವರೂ ಒಬ್ಬರು. ಐವರು ಸಂಜೆಗೆ ಹೋದರು, ಇವರು ಉಳಿದರು. ಅವರ ಹೆಂಡತಿ ಆದಿಲಕ್ಷ್ಮಮ್ಮನವರು ಅದೇ ಆಸ್ಪತ್ರೆಯಲ್ಲಿ ಬಾಣಂತಿಯರಿಗೆ ನೀರು ಹಾಕುತ್ತಿದ್ದರು. ೧೯೯೯ರಲ್ಲಿ ನನ್ನ ಸೊಸೆಗೂ ಮೊಮ್ಮಗಳಿಗೂ ನೀರು ಹಾಕಿದ್ದು ಅವರ ಕೈಯೇ. ಅಂದು ಹಿತ್ತಲಿನಲ್ಲಿ ಕಾಯುತ್ತ ನಿಂತಾಗ ವೆಂಕಟಪ್ಪನವರ ಪರಿಚಯವಾಯಿತು.

ಬಾಯ್ಲರ್ ಎಂದರೆ ದೊಡ್ಡ ಉಕ್ಕಿನ ಪೆಟ್ಟಿಗೆ. ಒಳಗೆ ಬೆಂಕಿ, ಬೆಂಕಿಯ ಸುತ್ತ ಎಂಟು ನೂರು ಲೀಟರ್ ನೀರು. ಅರ್ಧ ಅಶ್ವಶಕ್ತಿಯ ಪಂಪು ಬಿಸಿನೀರನ್ನು ಒಂದು ಪೈಪಿನಲ್ಲಿ ಕಟ್ಟಡಕ್ಕೆ ಕಳುಹಿಸುತ್ತದೆ. ಸುತ್ತಿ ಬಂದ ನೀರು ಇನ್ನೊಂದು ಪೈಪಿನಲ್ಲಿ ಮರಳುತ್ತದೆ. ಹೋಗುವ ನೀರು ಎಷ್ಟು ಬಿಸಿ ಎಂದು ಎಲ್ಲರೂ ನೋಡುತ್ತಾರೆ. ಬಾಯ್ಲರ್ ಬದುಕುವುದು ಮಾತ್ರ ಬರುವ ನೀರಿನ ಬಿಸಿಯ ಮೇಲೆ. ಅದು ಅರವತ್ತೈದು ಡಿಗ್ರಿಗಿಂತ ಕೆಳಗಿಳಿದು ದಿನಗಟ್ಟಲೆ ಹಾಗೆಯೇ ಇದ್ದರೆ, ತಣ್ಣಗಿನ ಉಕ್ಕಿನ ಮೇಲೆ ಹೊಗೆ ಬೆವರಾಗಿ ಇಳಿಯುತ್ತದೆ. ಆ ಕಪ್ಪು ಹುಳಿನೀರು ಉಕ್ಕನ್ನು ತಿನ್ನುತ್ತದೆ.

ವೆಂಕಟಪ್ಪನವರಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅವರಿಗೆ ಅಂಗೈ ಸಾಕಾಗಿತ್ತು. "ಓಗೋ ಪೈಪು ಮುಟ್ಟಿದ್ರೆ ಕೈ ಓಡ್ಬೇಕು. ಬರೋ ಪೈಪು ಮುಟ್ಟಿದ್ರೆ ಮೂರೆಣಿಸೋಗಂಟ ಕೈ ನಿಲ್ಬೇಕು. ನಾಕೆಣಿಸಿದ್ರೆ ನೀರು ತಣ್ಣಗಾಗೈತೆ ಅಂತ" ಎನ್ನುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಪಂಪು ಹಾಕುವ ಮೊದಲು ಮೇಲಿನ ತಿರುಪು ಸಡಿಲಿಸಿ, ನೀರು ಉಗುಳುವುದು ನಿಂತು ಧಾರೆಯಾಗುವವರೆಗೆ ಪೈಪಿನೊಳಗಿನ ಗಾಳಿ ಹೊರಬಿಡುತ್ತಿದ್ದರು. ನಮ್ಮ ಕೊಳವೆಬಾವಿಯ ನೀರು ಗಡಸು. ಪ್ರತಿ ಸೋಮವಾರ ನೀರು ಸೋಸುವ ಜಾಲರಿ ಬಿಚ್ಚಿ ಬಿಳಿ ಉಪ್ಪು ಕೆರೆಯುತ್ತಿದ್ದರು. ಹಸಿ ನೀಲಗಿರಿ ಸೌದೆ ಬಂದರೆ ಗಾಡಿಯವನನ್ನು ಹಾಗೆಯೇ ಹಿಂದಕ್ಕೆ ಕಳುಹಿಸುತ್ತಿದ್ದರು.

ಹೆಂಡತಿಯೊಂದಿಗೆ ಅವರ ಮಾತುಕತೆ ನಡೆಯುತ್ತಿದ್ದುದು ಪೈಪಿನ ಮೂಲಕ. ಹಳೆಯ ಬಚ್ಚಲು ಹಿತ್ತಲಿನ ಇನ್ನೊಂದು ತುದಿಯಲ್ಲಿತ್ತು. ಆದಿಲಕ್ಷ್ಮಮ್ಮನವರು ಚೊಂಬಿನಿಂದ ಪೈಪಿನ ಮೇಲೆ ಒಂದು ಏಟು ಹಾಕಿದರೆ ಬೆಂಕಿ ಏರಿಸಬೇಕು, ಎರಡು ಹಾಕಿದರೆ ಇಳಿಸಬೇಕು. ಮೂರು ಹಾಕಿದರೆ ಕೆಲಸ ಮುಗಿಯಿತು, ಕಾಫಿಗೆ ಬಾ ಎಂದು. ಇಪ್ಪತ್ತಮೂರು ವರ್ಷ ಇದು ನಡೆಯಿತು. ೨೦೨೧ರ ಜೂನ್‌ನಲ್ಲಿ ಆಕೆ ತೀರಿಕೊಂಡರು. ಮರುವರ್ಷ ಹೊಸ ಕಟ್ಟಡದಲ್ಲಿ ಟೈಲ್ಸ್ ಹಾಕಿದ ಬಚ್ಚಲುಗಳಾದವು. ಹಳೆಯದರ ತಗಡು ಕಿತ್ತರು. ಕಲ್ಲುಚಪ್ಪಡಿ ಮತ್ತು ಪೈಪು ಮಳೆಗೆ ಬಿದ್ದುಕೊಂಡವು.

ಕಾಗದ ಅಂಟಿಸಿದ ಮೂರನೆಯ ದಿನ ವೆಂಕಟಪ್ಪನವರು ನನ್ನನ್ನು ಕರೆದರು. ಬಾಯ್ಲರಿನ ಒಳಗಿನ ಬೆಸುಗೆಯೊಂದು ಜಿನುಗುತ್ತಿತ್ತು. ಆಸ್ಪತ್ರೆಯ ಯಂತ್ರಗಳ ಉಸ್ತುವಾರಿ ವಿಜಯಕುಮಾರ್ ಎಂಬ ಯುವಕನದು. ತಿಂಗಳಿಗೆ ಎರಡು ಸಲ ಬಂಗಾರಪೇಟೆಯಿಂದ ಬರುತ್ತಾನೆ. ಬಂದಾಗ ಬಾಯ್ಲರಿನ ಮುಂಭಾಗದ ಮಾಪಕದಲ್ಲಿ ಎಂಬತ್ತು ಡಿಗ್ರಿ ನೋಡಿ ಸಹಿ ಹಾಕಿ ಹೋಗುತ್ತಾನೆ. ಬರುವ ಪೈಪಿಗೆ ಮಾಪಕವೇ ಇಲ್ಲ. ಅವನು ಕೈಯನ್ನೂ ಇಟ್ಟವನಲ್ಲ. ಎರಡು ವರ್ಷ ನೋಡದ್ದನ್ನು ಒಂದೇ ದಿನ ಕಂಡು ಕಾಗದ ಬರೆದಿದ್ದ. ಈ ಬಗ್ಗೆ ನನಗಿರುವ ಸಿಟ್ಟನ್ನು ನಾನು ಮುಚ್ಚಿಡುವುದಿಲ್ಲ.

ನಾನು ಮನೆಯಿಂದ ಥರ್ಮಾಮೀಟರ್ ಒಯ್ದೆ. ಹೋಗುವ ನೀರು ಎಂಬತ್ತು, ಬರುವ ನೀರು ಐವತ್ತೊಂದು. ಜಾಲರಿ ಶುದ್ಧವಾಗಿತ್ತು, ಪಂಪು ಸರಿಯಿತ್ತು, ಗಾಳಿ ಸೇರಿರಲಿಲ್ಲ, ಸೌದೆ ಒಣಗಿತ್ತು. ಹೀಗಿರುವಾಗ ಬಿಸಿ ಎಲ್ಲಿಗೆ ಹೋಗುತ್ತಿದೆ ಎಂದು ಪೈಪು ಹಿಡಿದು ನಡೆದೆ. ಹುಣಸೆಮರದ ಹಿಂದೆ ಒಂದು ಕವಲು ಹಳೆಯ ಬಚ್ಚಲಿನ ಕಡೆ ತಿರುಗಿತ್ತು. ಹಿತ್ತಲಿನ ಉಳಿದ ವಾಲ್ವುಗಳ ಚಕ್ರಗಳೆಲ್ಲ ತುಕ್ಕು ಹಿಡಿದಿದ್ದವು. ಇದರ ಚಕ್ರ ಮಾತ್ರ ಕೈಯಾಡಿ ಹೊಳೆಯುತ್ತಿತ್ತು. ವಾಲ್ವು ಎರಡು ಸುತ್ತು ತೆರೆದಿತ್ತು. ಹೊಸ ಕಟ್ಟಡದ ದಾರಿ ಉದ್ದ, ಇದು ಗಿಡ್ಡ. ನೀರು ಸುಲಭದ ದಾರಿ ಹಿಡಿಯುತ್ತದೆ. ಕಟ್ಟಡಕ್ಕೆ ಹೋಗಬೇಕಾದ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ, ಹೊದಿಕೆಯಿಲ್ಲದ ನೂರಹತ್ತು ಅಡಿ ಕಬ್ಬಿಣದಲ್ಲಿ ಮಳೆಗೆ ತಣ್ಣಗಾಗಿ ಬಾಯ್ಲರಿಗೆ ಮರಳುತ್ತಿತ್ತು.

"ಇದು ಯಾಕೆ ತೆರೆದಿದೆ?" ಎಂದೆ.

ಅವರು ಬೀಡಿ ಹೊಸಕಿದರು. "ಅದು ಅಂಗೇ ಇರ್ಲಿ ಬುಡಿ ಸಾಮಿ."

"ಬಾಯ್ಲರನ್ನು ತಿಂದದ್ದೇ ಇದು. ನಿಮಗೆ ಗೊತ್ತಿಲ್ಲವೇ?"

"ಗೊತ್ತು. ಬರೋ ಪೈಪಲ್ಲಿ ಈಗ ಒಂಬತ್ತು ಎಣಿಸ್ತೀನಿ." ಚಕ್ರವನ್ನು ಅಂಗೈಯಿಂದ ಒರೆಸಿ ಹೇಳಿದರು, "ನಾಳೆ ಬೆಳಿಗ್ಗೆ ಐದೂವರೆಗೆ ಬನ್ನಿ. ಯೋಳ್ತೀನಿ."

ಹೋದೆ. ಅವರು ನನ್ನನ್ನು ಹಳೆಯ ಬಚ್ಚಲಿನ ಕಲ್ಲಿನ ಮೇಲೆ ಕೂರಿಸಿ, ಪಂಪು ಹಾಕಿ ಬಂದು ಪಕ್ಕದಲ್ಲಿ ಕುಳಿತರು. ರಾತ್ರಿಯಿಡೀ ತಣ್ಣಗಿದ್ದ ಪೈಪಿಗೆ ಬಿಸಿನೀರು ನುಗ್ಗಿತು. ಪೈಪನ್ನು ಗೋಡೆಗೆ ಬಿಗಿದ ಹಿಡಿಕೆಯಲ್ಲಿ ಕಬ್ಬಿಣ ಹಿಗ್ಗಿ ಸದ್ದಾಯಿತು. ಟಣ್. ಟಣ್. ತುಸು ತಡೆದು ಇನ್ನೊಂದು.

"ಕೇಳಿಸ್ತಾ?"

"ಮೂರು."

"ಮೂರೇ. ಒಂದೊಂದ್ ದಿನ ನಾಕು ಒಡೀತದೆ. ಅವ್ಳೂ ಅಂಗೇ, ಸಿಟ್ಟು ಬಂದ್ರೆ ನಾಕು."

ಕಬ್ಬಿಣ ಹಿಗ್ಗುವುದು ಏಕೆಂದು ನಾನು ಅವರಿಗೆ ವಿವರಿಸಲಿಲ್ಲ. ಅವರಿಗೆ ಅದು ಗೊತ್ತಿಲ್ಲ ಎಂದು ಭಾವಿಸುವುದು ಅವಮಾನವಾಗುತ್ತಿತ್ತು. "ನೀವೇ ತೀರ್ಮಾನಿಸಿ. ನಾನಾಗಿ ವಿಜಯಕುಮಾರನಿಗೆ ಹೇಳುವುದಿಲ್ಲ. ಅವನು ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ" ಎಂದೆ.

"ತೀರ್ಮಾನ ಏನ್ ಸಾಮಿ. ಬಾಯ್ಲರ್ ಓದ್ರೆ ಪಂಪೂ ಓಗ್ತದೆ. ಆಗ್ಲೂ ಕೇಳ್ಸಲ್ಲ." ಅಷ್ಟು ಹೇಳಿಯೂ ಅವರು ವಾಲ್ವಿನ ಹತ್ತಿರ ಹೋಗಲಿಲ್ಲ. ನಾಲ್ಕು ದಿನ ಹೋಗಲಿಲ್ಲ. ಒಂದರ ಮೇಲೊಂದು ಸೌದೆ ತುಂಬಿದರು.

ಅಕ್ಟೋಬರ್ ಹದಿನೇಳರಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಅಲ್ಲಿದ್ದಾಗಲೇ ಆಶಾರಾಣಿ ಹಿತ್ತಲಿಗೆ ಬಂದಳು. ಆದಿಲಕ್ಷ್ಮಮ್ಮನವರ ನಂತರ ನೀರು ಹಾಕುವವಳು ಅವಳೇ. ತಮಿಳು, ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾಳೆ. ಸೀರೆಯ ನೆರಿಗೆ ಎತ್ತಿ ಕಟ್ಟಿತ್ತು, ಕೈಯೆಲ್ಲ ಎಣ್ಣೆ.

"ತಾತಾ, ನಿನ್ ಬೀಡಿ ಬಿಸಿ ಐತೆ, ನಿನ್ ನೀರು ಬಿಸಿ ಇಲ್ಲ."

"ಮುಂದ್ಗಡೆ ಎಂಬತ್ತು ಐತೆ ನೋಡಮ್ಮಾ."

"ಆ ಮುಳ್ಳಿಗೇ ಹೆರಿಗೆ ಮಾಡ್ಸು, ಪೋ. ಒಳಗೆ ಎರಡು ದಿನದ ಬಾಣಂತಿ ಚಪ್ಪಡಿ ಮೇಲೆ ಕೂತವ್ಳೆ. ನಾಕು ಚೊಂಬು ಬಿಸಿ ಬಂತು, ಆಮೇಲೆ ಪಚ್ಚತ್ತಣ್ಣಿ, ಬರೀ ತಣ್ಣೀರು. ನಡುಗ್ತಾ ಅವ್ಳೆ. ನಾ ಏನ್ ಮಾಡ್ಲಿ, ಉಫ್ ಅಂತ ಊದ್ಲಾ?"

ವೆಂಕಟಪ್ಪನವರು ಎದ್ದರು. ಹುಣಸೆಮರದ ಹಿಂದೆ ಹೋಗಿ ಚಕ್ರವನ್ನು ಹಿಡಿದರು. ಮೊದಲು ಒಂದು ಸುತ್ತು. ನಿಂತರು. ಬಳಿಕ ಇನ್ನೊಂದು ಸುತ್ತು, ಕೊನೆಗೆ ಬಿಗಿಯಾಗಿ ಕಾಲು ಸುತ್ತು. "ಎಂಟ್ ನಿಮಿಷ ಬುಟ್ಟು ನಲ್ಲಿ ತಿರುಗ್ಸಮ್ಮಾ, ಅಲ್ಲೀಗಂಟ ಕಂಬಳಿ ಒದ್ಸು" ಎಂದು ಆಶಾರಾಣಿಗೆ ಹೇಳಿದರು. ನೀರು ಬಿಸಿಯಾಗಿ ಬಂದದ್ದು ಆರನೆಯ ನಿಮಿಷಕ್ಕೆ.

ಕಾಯ್ದ ಪೈಪು ತಣ್ಣಗಾಗುವಾಗಲೂ ಸದ್ದು ಮಾಡುತ್ತದೆ ಎಂಬುದನ್ನು ನಾನು ಮರೆತಿದ್ದೆ. ಅವರು ಮರೆತಿರಲಿಲ್ಲ. ನೇರ ಹಳೆಯ ಬಚ್ಚಲಿಗೆ ಹೋಗಿ ಅಂಗೈಯನ್ನು ಪೈಪಿನ ಮೇಲೆ ಇಟ್ಟು ನಿಂತರು; ಬಿಸಿ ತಾಳದಾದಾಗ ಎತ್ತಿ ಮತ್ತೆ ಇಡುತ್ತಿದ್ದರು. ಒಂದು ಟಣ್ ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಮೂರನೆಯದು ಬರಬಹುದೆಂದು ನಾನೂ ಕಾದೆ. ಬರಲಿಲ್ಲ. ಅವರು ಅಲ್ಲಿ ನಿಂತದ್ದು ಒಟ್ಟು ನಲವತ್ತು ನಿಮಿಷ. ಕೈ ತೆಗೆದಾಗ ಪೈಪು ಮಳೆಯಷ್ಟೇ ತಣ್ಣಗಿತ್ತು.

ವಿಜಯಕುಮಾರ್ ಬಂದಾಗ ಎಲ್ಲವನ್ನೂ ವೆಂಕಟಪ್ಪನವರೇ ಹೇಳಿದರು, ಕಾರಣ ಒಂದನ್ನು ಬಿಟ್ಟು. ಆತ ಬೆಸುಗೆ ಹಾಕಿಸಿ ಹತ್ತು ದಿನ ಗಡುವು ಕೊಟ್ಟ. "ತಾತಾ, ಬರೋ ನೀರು ಅರವತ್ತೈದರ ಕೆಳಗೆ ಒಂದು ಡಿಗ್ರಿ ಇಳಿದ್ರೂ ಗುಜರಿ" ಎಂದ. ಇಳಿಯಲಿಲ್ಲ. ಬಾಯ್ಲರ್ ಉಳಿಯಿತು, ಅವರೂ ಉಳಿದರು. ಕಾಗದವನ್ನು ಗೋಡೆಯಿಂದ ಕಿತ್ತರು. ಆದರೆ ಅದರ ಪ್ರತಿ ಕಚೇರಿಯ ಕಡತದಲ್ಲಿ ಇಂದಿಗೂ ಇದೆ. ವೆಂಕಟಪ್ಪನವರು ಮಾಡಿದ್ದು ತಪ್ಪು. ಬೇರೆಯವರ ಬಿಸಿನೀರನ್ನು ಅವರು ಖಾಲಿ ಬಚ್ಚಲಿಗೆ ಹರಿಸಿದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿದಿನ ಕೈಯಿಟ್ಟು, ಒಂಬತ್ತರವರೆಗೆ ಎಣಿಸಿ, ಎಲ್ಲವನ್ನೂ ಅರಿತೇ ಮಾಡಿದ ಕೆಲಸಕ್ಕೆ ಅಜಾಗರೂಕತೆ ಎಂಬ ಹೆಸರಿಲ್ಲ.

ವಾಲ್ವು ಮುಚ್ಚಿದ ಮರುದಿನ ಐದೂವರೆಗೆ ನಾನು ಥರ್ಮಾಮೀಟರ್ ಹಿಡಿದು ಹಿತ್ತಲಿನಲ್ಲಿದ್ದೆ. ಅವರು ಗಾಳಿ ಬಿಟ್ಟು ಪಂಪು ಹಾಕಿದರು. ನೀರು ಹೊಸ ಕಟ್ಟಡದ ಕಡೆ ಹೋಯಿತು. ಹಳೆಯ ಬಚ್ಚಲಿನ ಕಡೆ ಅವರು ತಿರುಗಿ ನೋಡಲಿಲ್ಲ. ಆದರೆ ಸೌದೆ ಎತ್ತಲು ಬಾಗಿದವರು ಬಾಗಿದಂತೆಯೇ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಬರುವ ಪೈಪಿನ ಮೇಲೆ ಕೈಯಿಟ್ಟು ಎಣಿಸಿದರು.

"ಎಷ್ಟೈತೆ ಸಾಮಿ?"

"ಅರವತ್ತೇಳು."

"ಸರಿಯಾಗೈತಲ್ವಾ?"

"ಸರಿಯಾಗಿದೆ."

ಕೈಯಲ್ಲಿದ್ದ ಸೌದೆಯನ್ನು ಅವರು ಮತ್ತೆ ಒಟ್ಟಿಲಿನ ಮೇಲೆ ಇಟ್ಟರು. ಇನ್ನು ಒಂದು ಗಂಟೆ ಬೆಂಕಿಗೆ ಏನೂ ಬೇಕಾಗಿರಲಿಲ್ಲ.