ಒಂದೇ ಬಕೆಟ್ಟಿನಲ್ಲಿ ಕಲಸಿದ ಅಂಟು

ಖಾನಾಪುರದ ಆ ಹಳೆಯ ಅಕ್ಕಿ ಗಿರಣಿಯ ಕೋಣೆಗೆ ಹೊರಗಿನಿಂದ ಅಗಳಿ ಹಾಕಿಸಿದ್ದು ನಾವೇ. ಎಂ.ಟೆಕ್. ಪ್ರಾಜೆಕ್ಟಿಗಾಗಿ ನಾನೂ ಗೆಳೆಯನೂ ಸೆಣಬಿನ ಬಟ್ಟೆ, ಭತ್ತದ ಹೊಟ್ಟಿನ ಪುಡಿ, ಇಪಾಕ್ಸಿ ಅಂಟು ಸೇರಿಸಿ ಹಲಗೆಗಳನ್ನು ಮಾಡುತ್ತಿದ್ದೆವು. ಅವು ಎಷ್ಟು ಎಳೆತ ತಡೆಯುತ್ತವೆ, ಎಷ್ಟು ಬಿಸಿ ತಾಳುತ್ತವೆ ಎಂದು ಬೆಳಗಾವಿಯ ಕಾಲೇಜಿನಲ್ಲಿ ಪರೀಕ್ಷಿಸಬೇಕಿತ್ತು. ಗಿರಣಿ ಗೆಳೆಯನ ಕಾಕಾನದು; ಹೊಟ್ಟು ಅಲ್ಲೇ ಸಿಗುತ್ತಿತ್ತು. ಹಿಂದಿನ ಸಲ ಅವರ ಕೋಳಿಗಳು ಒಳಗೆ ನುಗ್ಗಿ ಹಸಿ ಹಲಗೆಗಳ ಮೇಲೆ ಓಡಾಡಿದ್ದವು.

"ಕಾಕಾ, ಹೊರಗ ಅಗಳಿ ಹಾಕ್ರಿ. ಚಹಾ ತರೂ ಮುಂದ ತಗೀರಿ," ಎಂದ ಗೆಳೆಯ.

"ಕೋಳಿಗಿ ಅಂಜೂ ಇಂಜಿನಿಯರ್ ಇವ್ರು," ಎಂದು ನಗುತ್ತ ಕಾಕಾ ಅಗಳಿ ಜಡಿದು ಮನೆಗೆ ಹೋದರು.

ಪ್ರತಿ ಹಲಗೆಗೂ ಬೇರೆ ಲೋಟದಲ್ಲಿ ಅಂಟು ಕಲಸುವುದು ನಮ್ಮ ರೂಢಿ. ಆದರೆ ಹಲಗೆಯಿಂದ ಹಲಗೆಗೆ ಫಲಿತಾಂಶ ಬದಲಾಗುತ್ತಿದೆ ಎಂದು ಗೈಡ್ ಬೈದಿದ್ದರು. ಹೀಗಾಗಿ ಆ ಮಧ್ಯಾಹ್ನ ಎಲ್ಲಕ್ಕೂ ಸೇರಿಸಿ ಒಂದೇ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿದೆವು. ಅಂಟನ್ನು ಗಟ್ಟಿಯಾಗಿಸುವ ಹಾರ್ಡನರ್ ಸುರಿದವನು ನಾನು. ಅದು ಬೆರೆತರೆ ಅಂಟು ತಾನಾಗಿಯೇ ಕಾಯುತ್ತದೆ. ಲೋಟದ ಅಂಟು ತನ್ನ ಬಿಸಿಯನ್ನು ಹೊರಗೆ ಬಿಡುತ್ತದೆ. ಬಕೆಟ್ಟಿನಲ್ಲಿ ಬಿಸಿ ಒಳಗೇ ಉಳಿದು ಏರುತ್ತ ಹೋಗುತ್ತದೆ. ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಎರಡನೆಯ ಪದರ ಹಚ್ಚುವಷ್ಟರಲ್ಲಿ ಬಕೆಟ್ಟು ಮುಟ್ಟಲಾಗದಷ್ಟು ಕಾದಿತ್ತು. ಅದರ ಬದಿ ಮೆತ್ತಗಾಗಿ ಬಾಗಿತು. ಗಂಟಲು ಹಿಡಿಯುವ ಹೊಗೆ ಎದ್ದಿತು. ಬಾಗಿಲು ಬಡಿದೆವು, ಕೂಗಿದೆವು, ಯಾರೂ ಬರಲಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಒಂದು ಕಿಂಡಿ ಮಾತ್ರ ಇತ್ತು.

"ನಾ ಅದರಾಗ ಹಿಡಿಯಂಗಿಲ್ಲ. ನೀ ಹೋಗಲೇ, ಕಡ್ಡಿ," ಎಂದು ಗೆಳೆಯ ಕೆಮ್ಮುತ್ತಲೇ ನನ್ನನ್ನು ಹೆಗಲ ಮೇಲೆ ಎತ್ತಿದ.

ಹೊರಗೆ ಬಿದ್ದು, ಗಿರಣಿ ಸುತ್ತಿ ಬಾಗಿಲಿಗೆ ಓಡಿದೆ. ಒಳಗಿನಿಂದ ಅವನು ಬಡಿಯುವುದು ಕೇಳುತ್ತಿತ್ತು. ತುಕ್ಕು ಹಿಡಿದ ಅಗಳಿ ಜಗ್ಗಲಿಲ್ಲ. ಕಲ್ಲು ತಂದು ಹೊಡೆದೆ, ಮತ್ತೆ ಹೊಡೆದೆ. ಅಷ್ಟರಲ್ಲಿ ಬಡಿತ ನಿಂತಿತು.

ನೆನಪು ಪ್ರತಿಸಲವೂ ಇಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಅಗಳಿ ಕೊನೆಗೆ ಸರಿಯಿತು ಎಂಬುದು ಗೊತ್ತಿದ್ದರೂ, ಕಲ್ಲು ಹಿಡಿದ ಕೈ ಹಾಗೇ ನಿಲ್ಲುತ್ತದೆ.

ಅವನು ಹೊಸ್ತಿಲಿಗೆ ಮುಖ ಒತ್ತಿ, ಬಾಗಿಲ ಕೆಳಗಿನ ಸಂದಿಗೆ ಬಾಯಿ ಇಟ್ಟು ಮಲಗಿದ್ದ. ತೋಳು ಹಿಡಿದು ಹೊರಗೆಳೆದೆ. ಬಹಳ ಹೊತ್ತಿನ ನಂತರ, "ಬಡಕೋತ ನಿಂತ್ರ ಉಸಿರ ಸಾಲಲಿಲ್ಲ. ಕೆಳಗ ಗಾಳಿ ಇತ್ತು, ಮಲ್ಕೊಂಡೆ," ಎಂದ. ಕಾಕಾ ಚಹಾದ ಕಪ್ಪುಗಳನ್ನು ಹಿಡಿದು ಅಂಗಳದಲ್ಲಿ ನಿಂತಿದ್ದರು.

ಈಗ ಬೆಳಗಾವಿಯ ಲ್ಯಾಬಿನಲ್ಲಿ, ಬಾಗಿಲು ತೆರೆದಿಟ್ಟು, ಲೋಟದಲ್ಲೇ ಕಲಸುತ್ತೇವೆ. ಯಂತ್ರ ಹಲಗೆಯನ್ನು ಎಳೆಯುವಾಗ ಒಳಗಿನ ನಾರು ಚಿಟಚಿಟ ಹರಿಯುತ್ತದೆ. ಹಲಗೆ ಮುರಿದು ಸದ್ದು ನಿಂತಾಗ ನಾನು ಅಂಕಿ ನೋಡುವುದಿಲ್ಲ, ಅವನತ್ತ ತಿರುಗುತ್ತೇನೆ.

"ಇಲ್ಲೇ ಅದೀನಲೇ," ಎನ್ನುತ್ತಾನೆ. "ಬರಕೋ."