ಹೊತ್ತಿದ ರೊಟ್ಟಿ

ಕಳೆದ ತಿಂಗಳು ಬೆಂಗಳೂರಿನ ತಂಗಿಯ ಮನೆಗೆ ಹೋಗಿದ್ದೆ. ಅವಳು ಮನೆ ಹತ್ತಿರದ ದೊಡ್ಡ ಅಂಗಡಿಯಿಂದ ಸಜ್ಜೆ ರೊಟ್ಟಿಯ ಪಾಕೀಟು ತಂದಿದ್ದಳು. ಒಡೆದ ಕೂಡಲೇ ಹುರಿದ ಎಳ್ಳಿನ ವಾಸನೆ ಬಂತು. ಬೆಟಗೇರಿಯ ನಮ್ಮ ಎದುರುಮನೆ ಕಾಕು ನೆನಪಾದಳು...

ಕಾಕು ಖಡಕ್ ರೊಟ್ಟಿ ಮಾಡಿ ಮಾರುವವಳು. ಮೊದಲು ಗದಗಿನ ಖಾನಾವಳಿಗಳಿಗೆ ಕೊಡುತ್ತಿದ್ದಳು. ಅದರಲ್ಲಿ ಅವಳ ಹೊಟ್ಟೆ ತುಂಬುವುದೇ ಕಷ್ಟ. ನಮ್ಮ ಕಡೆ ಮನೆಮನೆಯಲ್ಲೂ ಆಗುವ ರೊಟ್ಟಿಗೆ ಯಾರು ಎಷ್ಟು ಕೊಟ್ಟಾರು? ಅದೇ ರೊಟ್ಟಿ ಬಸ್ಸು ಹತ್ತಿ ಬೆಂಗಳೂರು ಮುಟ್ಟಿತೆಂದರೆ ಅದರ ಬೆಲೆಯೇ ಬೇರೆ. ಅಲ್ಲಿಯ ಅಂಗಡಿಯವರೊಬ್ಬರು ವಾರವಾರ ಡಬ್ಬಿಗಟ್ಟಲೆ ತರಿಸಿಕೊಳ್ಳತೊಡಗಿದ ಮೇಲೆ ಕಾಕು ಓಣಿಯ ಇನ್ನೂ ಮೂವರು ಹೆಂಗಸರನ್ನು ಜತೆಗೆ ಕರೆದುಕೊಂಡಳು. ಅಲ್ಲಿಯತನಕ ಅವರು ಹೊಂಬಳದ ಕಡೆ ಶೇಂಗಾ ಕೀಳಲು ಕೂಲಿಗೆ ಹೋಗುತ್ತಿದ್ದವರು. ವರ್ಷ ತುಂಬುವುದರೊಳಗೆ ಒಬ್ಬಾಕೆ ಮನೆಗೆ ನಳ ಹಾಕಿಸಿದಳು, ಇನ್ನೊಬ್ಬಾಕೆ ಮಗಳನ್ನು ಕಾಲೇಜಿಗೆ ಹಚ್ಚಿದಳು. ಆ ಒಂದು ಅಂಗಡಿಯ ಮೇಲೆ ನಾಲ್ಕು ಮನೆ ನಿಂತಿದ್ದವು.

ಅಂಗಡಿಯವರ ಜತೆ ಫೋನಿನಲ್ಲಿ ಮಾತಾಡುವ ಕೆಲಸ ನನ್ನದು. ನಾನು ಎರಡು ವರ್ಷ ಬೆಂಗಳೂರಿನಲ್ಲಿ ಓದಿ ಬಂದವಳು. ತನ್ನ ಮಾತು ಅವರಿಗೆ ತಿಳಿಯದೇನೋ ಎಂದು ಕಾಕುಗೆ ಅಂಜಿಕೆ. ಅವರು ಹೇಳುತ್ತಿದ್ದುದು ಎರಡೇ: ರೊಟ್ಟಿ ಬೆಳ್ಳಗಿರಬೇಕು, ಎಲ್ಲ ಒಂದೇ ಅಳತೆ ಇರಬೇಕು. ಕಾಕು ಬಡಿದ ರೊಟ್ಟಿಯ ಮೇಲೆ ತಾಟು ಬೋರಲು ಹಾಕಿ ಅಂಚು ಕೊಯ್ಯುತ್ತಿದ್ದಳು.

"ರೊಟ್ಟಿಗೂ ಕಟಿಂಗ್ ಮಾಡಾಕ ಹತ್ತೀವಿ ನೋಡವಾ" ಎಂದು ನಗುತ್ತಿದ್ದಳು.

ಆ ವರ್ಷ ಎಳ್ಳಮಾವಾಸ್ಯೆ ಬಂತು. ಭೂಮಿತಾಯಿಗೆ ಎಡೆ ಮಾಡಿ ಹೊಲದ ತುಂಬ ಚರಗ ಚೆಲ್ಲಲು ಒಯ್ಯುವ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರಲೇಬೇಕು. ಕಾಕು ಯಾರನ್ನೂ ಕೇಳದೆ ಆ ವಾರದ ಡಬ್ಬಿಗಳಲ್ಲೂ ಅದನ್ನೇ ತುಂಬಿ ಕಳಿಸಿಬಿಟ್ಟಳು. ನನಗೆ ಗೊತ್ತಾಗುವ ಹೊತ್ತಿಗೆ ಬಸ್ಸು ಹೋಗಿಯಾಗಿತ್ತು.

"ಹಬ್ಬದಾಗ ಬರೇ ಬಿಳಿಜ್ವಾಳದ್ದು ಹ್ಯಾಂಗ ಕಳಸೂದು? ಬೆಂಗ್ಳೂರಾಗ ಇದ್ರೇನಾತು, ಅವ್ರಿಗೂ ಹಬ್ಬ ಬ್ಯಾಡೇನು?" ಎಂದಳು.

ಮರುದಿನ ಅಂಗಡಿಯವರ ಫೋನು ಬಂತು. "ಏನ್ರೀ ಇದು, ಎಲ್ಲಾ ಕಪ್ಪಗೆ ಸೀದುಹೋಗಿದೆ! ವಾಪಸ್ ಕಳಿಸ್ತಿದೀನಿ. ಮುಂದಿನ ವಾರದಿಂದ ಬೇರೆಯವರ ಹತ್ರ ತಗೋತೀವಿ."

ಕಾಕು ಮತ್ತು ಆ ಮೂವರು ನನ್ನೆದುರೇ ನಿಂತಿದ್ದರು. ಅದು ಸಜ್ಜೆ, ಅದರ ಬಣ್ಣವೇ ಹಾಗೆ ಎಂದು ನಾನು ಹೇಳಬಹುದಿತ್ತು. ಹಬ್ಬ, ಚರಗ ಅಂತೆಲ್ಲ ಶುರುಮಾಡಿದರೆ ಆ ಮನುಷ್ಯ ಫೋನು ಇಟ್ಟೇಬಿಡುತ್ತಾನೆ ಅನ್ನಿಸಿತು. ಖರೆ ಹೇಳಬೇಕೆಂದರೆ ಬೆಂಗಳೂರಿನವರೆದುರು ಅದನ್ನೆಲ್ಲ ಹೇಳಲು ನನಗೆ ನಾಚಿಕೆಯೂ ಆಗಿತ್ತು.

"ಕ್ಷಮಿಸಿ ಸಾರ್, ಬೆಂಕಿ ಜಾಸ್ತಿಯಾಗಿ ಸೀದುಬಿಟ್ಟಿವೆ. ಇನ್ನೊಂದ್ಸಲ ಹೀಗಾಗಲ್ಲ" ಎಂದೆ.

ಅವರು ಗೊಣಗುತ್ತಲೇ ಒಪ್ಪಿದರು. ಮೂವರು ಹೆಂಗಸರೂ ಹೋದ ಜೀವ ಬಂದಂತೆ ಕುಳಿತರು. ಕಾಕು ಮಾತ್ರ ನಿಂತೇ ಇದ್ದಳು.

"ನಾ ಹೊತ್ತಿಸೀನಿ ಅಂದೇನವಾ?" ಎಂದಳು. "ಪರಕಾರ ಉಡೂ ಹುಡುಗಿ ಇದ್ದಾಗಿಂದ ರೊಟ್ಟಿ ಬಡ್ಯಾಕ ಹತ್ತೀನಿ. ಇವತ್ತಿನ ಮಟಾ ಒಂದೂ ಹೊತ್ತಿಸಿಲ್ಲ..."

ಅಷ್ಟೇ. ಜಗಳವಿಲ್ಲ, ಮುನಿಸಿಲ್ಲ. ವಾಪಸ್ ಬಂದ ರೊಟ್ಟಿಯನ್ನು ಓಣಿಗೆಲ್ಲ ಹಂಚಿದಳು. ಮುಂದಿನ ವಾರ ಮತ್ತೆ ತಾಟು ಬೋರಲು ಹಾಕಿ ಬಿಳಿ ರೊಟ್ಟಿ ಕೊಯ್ದಳು. ಅವಳು ಇರುವತನಕ ಬೆಂಗಳೂರಿಗೆ ಮತ್ತೆ ಎಳ್ಳು ಹೋಗಲಿಲ್ಲ.

ಆದರೆ ಅಲ್ಲಿಂದ ಮುಂದೆ ಪ್ರತಿ ಎಳ್ಳಮಾವಾಸ್ಯೆಗೆ ನಮ್ಮ ಬಾಗಿಲಿಗೆ ಬರುತ್ತಿದ್ದಳು, ಅರಿವೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿ ಹಿಡಿದು. "ಹೊತ್ತಿದ ರೊಟ್ಟಿ ತಂದೀನಿ, ತಗೋ." ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ತಪ್ಪಾಯಿತು ಅನ್ನಲು ಒಂದು ಮಾತು ಸಾಕಿತ್ತು. ನಕ್ಕಾಗಿದೆಯಲ್ಲ, ಇನ್ನೇನು ಹೇಳುವುದು ಎಂದು ಸುಮ್ಮನಾಗುತ್ತಿದ್ದೆ... ಹೋದ ವರ್ಷ ಹಬ್ಬಕ್ಕೆ ಹದಿನೈದು ದಿನ ಇರುವಾಗ ಕಾಕು ತೀರಿಕೊಂಡಳು. ಆ ಮೂವರು ಇನ್ನೂ ಬೆಂಗಳೂರಿಗೆ ರೊಟ್ಟಿ ಕಳಿಸುತ್ತಾರೆ. ಈಗ ಅಲ್ಲಿಯವರೇ ಸಜ್ಜೆಯದು ಬೇಕು, ಎಳ್ಳು ಹೆಚ್ಚಿಗಿರಲಿ ಎಂದು ಕೇಳುತ್ತಾರಂತೆ. ಬೆಲೆಯೂ ಹೆಚ್ಚಂತೆ.

ತಂಗಿಯ ಮಗಳು ಪಾಕೀಟಿನಿಂದ ಒಂದು ರೊಟ್ಟಿ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ದೊಡ್ಡಮ್ಮಾ, ಇದು ಸೀದುಹೋಗಿದೆ" ಎಂದಳು.

"ಸೀದಿಲ್ಲ!" ಎಂದೆ. ದನಿ ನನಗರಿವಿಲ್ಲದೆ ಏರಿತ್ತು. ಅಡುಗೆಮನೆಯಿಂದ ತಂಗಿ ಇಣುಕಿ ನೋಡಿದಳು. "ಸಜ್ಜೆ ಅದು. ಅದರ ಬಣ್ಣವೇ ಹಾಗೆ. ಎಳ್ಳು ಹಚ್ಚಿ ಮಾಡಿದ್ದು."

ಹುಡುಗಿ ಹೂಂ ಎಂದು ಮುರಿದು ತಿಂದಳು. ಎಷ್ಟು ಸಣ್ಣ ಮಾತು... ಅಂದು ಫೋನಿನಲ್ಲಿ ಹೇಳಬೇಕಾಗಿದ್ದುದು ಇಷ್ಟೇ. ಕೇಳಬೇಕಾದವಳು ಈಗ ಇಲ್ಲ.