ಗೋಡೆಯಾಚೆಯ ಮ್ಯಾಟಿನಿ

ನಿವೃತ್ತರಾದ ಮೇಲೆ ಸರ್ಕಾರಿ ನೌಕರರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಬಿ.ಪಿ., ಶುಗರ್ ಅಲ್ಲ, ಅವು ಸರ್ವೀಸಿನಲ್ಲಿದ್ದಾಗಲೇ ಬಂದಿರುತ್ತವೆ. ಇದು ಅಭಿರುಚಿಯ ಕಾಯಿಲೆ. ನಾಗಮಂಗಲದಲ್ಲಿ ಒಂದೇ ಕಚೇರಿಯಲ್ಲಿ ಕೂತು ಫೈಲು ತಳ್ಳಿದ ನಾವೆಲ್ಲ ಸೇರಿ ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದೇವೆ. ಮೂವತ್ತು ವರ್ಷ ರಜೆ ಅರ್ಜಿ ಬಿಟ್ಟು ಬೇರೇನೂ ಮಾತಾಡದವರು ಈಗ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸುತ್ತಾರೆ, ಮಧ್ಯಾಹ್ನ ಮೆಂತ್ಯದ ಉಪಯೋಗ ತಿಳಿಸುತ್ತಾರೆ, ಸಂಜೆಗೆ ಸಂಸ್ಕೃತಿ ಚಿಂತನೆ. ಹೋದ ವರ್ಷ ಒಬ್ಬರಿಗೆ ಹೊಳೆಯಿತು: ಎಲ್ಲರೂ ತಮ್ಮ ನೆಚ್ಚಿನ ಹತ್ತು ಸಿನಿಮಾಗಳನ್ನೂ ಮರೆಯಲಾಗದ ಸಿನಿಮಾ ಸಂಗೀತವನ್ನೂ ಹಂಚಿಕೊಳ್ಳಬೇಕು.

ಆಮೇಲೆ ನೋಡಬೇಕಿತ್ತು ತಮಾಷೆ. ಫೈಟಿಂಗ್ ಇಲ್ಲದ ಸಿನಿಮಾಕ್ಕೆ ಜನ್ಮದಲ್ಲಿ ಕಾಲಿಡದ ನಮ್ಮ ಮಾಜಿ ಸೂಪರಿಂಟೆಂಡೆಂಟರು 'ಮಾನವೀಯ ಸಂಬಂಧಗಳ ಸೂಕ್ಷ್ಮ ಎಳೆಗಳು' ಎಂದು ಬರೆದರು. ಇನ್ನೊಬ್ಬರು ಪಿಟೀಲು, ಕೊಳಲುಗಳ ಬಗ್ಗೆ ಎಷ್ಟುದ್ದ ಬರೆದರೆಂದರೆ, ಕಚೇರಿಯಲ್ಲಿ ಅದರ ಅರ್ಧದಷ್ಟು ಟಿಪ್ಪಣಿ ಬರೆದಿದ್ದರೂ ಎಷ್ಟೋ ಬಡಪಾಯಿಗಳ ಪಹಣಿ ತಿದ್ದುಪಡಿ ಆಗಿಬಿಡುತ್ತಿತ್ತು. ನಾನು ಬಿಟ್ಟೇನೆ? ನನ್ನ ಹತ್ತರಲ್ಲಿ ಏಳು ಹೊರದೇಶದವು. ಆ ಏಳರಲ್ಲಿ ಪೂರ್ತಿ ನೋಡಿದ್ದು ಮೂರು. ಒಂದರಲ್ಲಿ ಒಬ್ಬ ಮಂಜಿನೊಳಗೆ ಸೈಕಲ್ ತಳ್ಳಿಕೊಂಡು ಹೋಗುತ್ತಾನೆ. ನನಗೆ ನಿದ್ದೆ ಹತ್ತುವಾಗಲೂ ತಳ್ಳುತ್ತಿದ್ದ, ಎಚ್ಚರವಾದಾಗಲೂ ತಳ್ಳುತ್ತಿದ್ದ. ಅದಕ್ಕೆ ಎರಡನೇ ಸ್ಥಾನ ಕೊಟ್ಟೆ.

ಹೆಂಡತಿ ಭುಜದ ಮೇಲಿಂದ ಇಣುಕಿ ಓದಿದಳು. "ರೀ, ಹೋದ ವಾರ ಆ ಅತ್ತೆ-ಸೊಸೆ ಸಿನಿಮಾ ನೋಡಿ ಟವಲ್ ಒದ್ದೆ ಮಾಡ್ಕೊಂಡ್ರಲ್ಲ, ಅದನ್ನ ಹಾಕ್ಲಿಲ್ವಾ?" ಎಂದಳು. ಕಲಾರಸಿಕನಿಗೆ ಮದುವೆ ಆಗಿರಬಾರದು.

ನಾವಿರುವುದು ಪಾಂಡವಪುರದಲ್ಲಿ. ಅವ್ವ ನಮ್ಮ ಜೊತೆಗೇ ಇದ್ದಾಳೆ. ವಯಸ್ಸು ಎಂಬತ್ತು ದಾಟಿದೆ, ಹಲ್ಲು ನಾಲಕ್ಕಿವೆ, ಅಭಿಪ್ರಾಯಗಳು ಮಾತ್ರ ಒಂದೂ ಉದುರಿಲ್ಲ. ಆವತ್ತು ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ಕೇಳಿದಳು:

"ಏನ್ಲಾ ಅದು, ಅವಾಗಿಂದ ಫೋನ್ನ ಕುಟ್ತಾನೇ ಇದೀಯಲ್ಲ?"

"ಇಷ್ಟವಾದ ಸಿನ್ಮಾ ಯಾವ್ದು ಅಂತ ಕೇಳ್ತಾವ್ರೆ ಕಣವ್ವ. ನಿಂಗ್ಯಾವ್ದು ಇಷ್ಟ ಯೋಳು."

ಮಕ್ಕಳನ್ನು ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಕೇಳುತ್ತಾರಲ್ಲ, ಅಂಥ ದೊಡ್ಡ ಮನಸ್ಸಿನಿಂದ ನಾನು ಕೇಳಿದ್ದು. ಅವ್ವ ಒಂದು ಗಳಿಗೆಯೂ ಯೋಚಿಸದೆ ಒಂದು ಹಳೆಯ ಸಿನಿಮಾದ ಹೆಸರು ಹೇಳಿದಳು. ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಬರೆದರೆ ಅದರ ಅಭಿಮಾನಿಗಳು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ.

"ನೀನೆಲ್ಲಿ ನೋಡ್ದೆ ಅದ್ನ? ಅಪ್ಪ ನಿನ್ನ ಟಾಕೀಸ್ ಒಳಿಕ್ಕೇ ಬುಡ್ತಿರ್ನಿಲ್ವಲ್ಲ."

"ನೋಡ್ಲೇಬೇಕೇನ್ಲಾ? ಕೇಳಿವ್ನಿ. ಏಳ್ ವಾರ ಓಡ್ತು, ಏಳ್ ವಾರವೂ ಮ್ಯಾಟ್ನಿ ಕೇಳಿವ್ನಿ. ಕೊನೇಲಿ ಅವ್ಳು ಗಂಡುನ್ನ ಬುಟ್ಟು ರೈಲತ್ಕಂಡು ಒಂಟೋಯ್ತಾಳಲ್ಲ, ಅದ್ಕೇ ಇಷ್ಟ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಕೆ.ಆರ್. ಪೇಟೆಯಲ್ಲಿ, ಒಂದು ಟಾಕೀಸಿನ ಹಿಂದಿನ ಸಾಲು ಮನೆಯಲ್ಲಿ. ಈಗ ಆ ಟಾಕೀಸು ಕಲ್ಯಾಣ ಮಂಟಪವಾಗಿದೆ. ಸಿನಿಮಾ ಮಂದಿರದಲ್ಲಿ ಪರದೆಯ ಹಿಂದೆ ದೊಡ್ಡ ಸ್ಪೀಕರುಗಳಿರುತ್ತವೆ. ಆ ಪರದೆಯ ಹಿಂದಿನ ಗೋಡೆ, ಆಮೇಲೆ ಒಬ್ಬರು ನಡೆಯುವಷ್ಟು ಓಣಿ, ಆಮೇಲೆ ನಮ್ಮ ಅಡುಗೆಮನೆ. ಕಾಸು ಕೊಟ್ಟು ಒಳಗೆ ಕೂತವರಿಗಿಂತ ನಮಗೇ ಚೆನ್ನಾಗಿ ಕೇಳಿಸುತ್ತಿತ್ತು. ಕಾಣಿಸುತ್ತಿರಲಿಲ್ಲ, ಅಷ್ಟೆ.

ಅಪ್ಪ ಬೆಲ್ಲದ ಮಂಡಿಯಲ್ಲಿ ತೂಕ ಬರೆಯುವ ಕೆಲಸದಲ್ಲಿದ್ದ. ಸಿನಿಮಾ ನೋಡಿದರೆ ಹೆಂಗಸರು ಕೆಟ್ಟುಹೋಗುತ್ತಾರೆ ಎಂದು ಬಲವಾಗಿ ನಂಬಿದ್ದ. ಎಷ್ಟರ ಮಟ್ಟಿಗೆ ಕೆಡಬಹುದು ಎಂದು ತಿಳಿದುಕೊಳ್ಳಲು ತಾನು ಪ್ರತಿ ಚಿತ್ರವನ್ನೂ ಪರದೆಯ ಮುಂದಿನ ಗಾಂಧಿ ಕ್ಲಾಸಿನಲ್ಲಿ ಕೂತು ಎರಡೆರಡು ಸಲ ನೋಡಿ ಬರುತ್ತಿದ್ದ. ಊರಿಗೆಲ್ಲ ಬಹಳ ಒಳ್ಳೆಯವನು. ಮನೆಯಲ್ಲಿ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ, ಏನೂ ಸಿಗದಿದ್ದರೆ ಕೈಯನ್ನೇ ಉಪಯೋಗಿಸುತ್ತಿದ್ದ. ಅವನು ಸತ್ತು ಬಹಳ ವರ್ಷವಾಯಿತು. ಅವನ ಬಗ್ಗೆ ನನಗೆ ಈಗಲೂ ಸಿಟ್ಟಿದೆ, ಪ್ರೀತಿಯೂ ಇದೆ, ಎರಡನ್ನೂ ಎಲ್ಲಿಡಬೇಕೋ ಗೊತ್ತಾಗಿಲ್ಲ.

ಅಪ್ಪ ಅವ್ವನ ಕಾಲಿಗೆ ಅಡ್ಡ ಹಾಕಿದ್ದ, ಕಿವಿಗೆ ಹಾಕುವುದು ಹೇಗೆಂದು ಅವನಿಗೆ ಹೊಳೆದಿರಲಿಲ್ಲ. ಮಧ್ಯಾಹ್ನ ಅವನು ಮಂಡಿಗೆ ಹೋದ ಮೇಲೆ ಅವ್ವ ರಾಗಿ ಕೇರುತ್ತಲೋ ಸಾರಿನ ಖಾರ ರುಬ್ಬುತ್ತಲೋ ಇಡೀ ಮ್ಯಾಟಿನಿ ಕೇಳುತ್ತಿದ್ದಳು. ಫೈಟಿಂಗ್ ಬಂದಾಗ ರುಬ್ಬುವುದು ಜೋರಾಗುತ್ತಿತ್ತು. ಪಕ್ಕದ ಮನೆಯಲ್ಲಿ ಟ್ರಂಕು ಮಾಡುವ ಸಾಬರ ಸಂಸಾರ. ಅವರ ಹೆಂಡತಿಯನ್ನು ಕೇರಿಯೆಲ್ಲ ಆಪಾ ಎಂದು ಕರೆಯುತ್ತಿತ್ತು. ಇಂಟರ್ವಲ್ ಆದ ತಕ್ಷಣ ಆಪಾ ಹಿತ್ತಲ ಗೋಡೆಯ ಆ ಕಡೆ, ಅವ್ವ ಈ ಕಡೆ. ನಾಯಕಿ ಉಟ್ಟ ಸೀರೆ ಯಾವ ಬಣ್ಣ, ಅತ್ತೆ ದಪ್ಪಗಿದ್ದಾಳೋ ಸಣ್ಣಗಿದ್ದಾಳೋ, ಎಲ್ಲವೂ ಅಲ್ಲಿ ತೀರ್ಮಾನವಾಗುತ್ತಿತ್ತು. ನಮ್ಮ ಗ್ರೂಪಿನ ಚರ್ಚೆಗಿಂತ ಗುಣಮಟ್ಟ ಮೇಲೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅವ್ವ ಹೇಳಿದ ಆ ಸಿನಿಮಾದ ಕೊನೆಯಲ್ಲಿ ಗಂಡನ ಬೈಗುಳ ಬಿಟ್ಟರೆ ಮಾತೇ ಇಲ್ಲ. ನನಗೂ ನೆನಪಿದೆ. ಗಂಡ ಬೈಯುತ್ತಾನೆ, ತಟ್ಟೆ ಬೀಳುತ್ತದೆ. ಆಮೇಲೆ ಚಿಲಕ ತೆಗೆದ ಸದ್ದು, ಚಪ್ಪಲಿ ಸದ್ದು, ರೈಲಿನ ಕೂಗು, ರೈಲು ಹೊರಟು ದೂರವಾಗುವ ಸದ್ದು. ಆಮೇಲೆ ಒಂದೇ ಒಂದು ಪಿಟೀಲು, ಬಹಳ ಹೊತ್ತು. ಮುಗಿಯಿತು. ಕಿವಿ ಇದ್ದವರಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವೇ? ಆದರೂ ಅವ್ವನಿಗೆ ಅನುಮಾನ. ಆಪಾಳನ್ನು ವರ್ಷಕ್ಕೆ ಒಂದೆರಡು ಸಲ ಗಂಡ ಟಾಕೀಸಿಗೆ ಕರೆದುಕೊಂಡು ಹೋಗುತ್ತಿದ್ದರು. ಆ ಸಲ ಆಪಾ ಇದೇ ಸಿನಿಮಾ ನೋಡಿ ಬಂದಳು. ಅವ್ವ ಗೋಡೆಯ ಮೇಲಿಂದ ಕೇಳಿದಳಂತೆ, ಅವಳು ನಿಜವಾಗಿ ಹೊರಟುಹೋದಳಾ ಎಂದು. ಹೋದಳು ಎಂದಳಂತೆ ಆಪಾ.

ಇಷ್ಟು ಕೇಳಿದ ಮೇಲೆ ನನ್ನ ಅಭಿರುಚಿ ಸುಮ್ಮನಿರುತ್ತದೆಯೇ? ಐವತ್ತು ವರ್ಷದ ಹಿಂದೆ ಬರೀ ಕೇಳಿದ ಸಿನಿಮಾವನ್ನು ತಾಯಿಗೆ ತೋರಿಸುವ ಮಗ! ಗ್ರೂಪಿಗೆ ಹಾಕಲು ಇದಕ್ಕಿಂತ ಒಳ್ಳೆಯ ವಿಷಯ ಉಂಟೇ? ಫೋನಿನಲ್ಲಿ ಹುಡುಕಿದೆ, ಯಾರೋ ಪುಣ್ಯಾತ್ಮರು ಇಡೀ ಚಿತ್ರ ಹಾಕಿದ್ದರು. ದೊಡ್ಡ ಟಿ.ವಿ.ಗೆ ಹೊಸದಾಗಿ ಸ್ಪೀಕರ್ ಜೋಡಿಸಿದೆ. ಅಷ್ಟಕ್ಕೇ ನಿಲ್ಲಿಸದೆ, ಶ್ರೀರಂಗಪಟ್ಟಣದಲ್ಲಿ ಮೊಮ್ಮಗನ ಮನೆಯಲ್ಲಿರುವ ಆಪಾಗೂ ಫೋನ್ ಮಾಡಿ, ಭಾನುವಾರ ಕಾರು ತರುತ್ತೇನೆ, ರೆಡಿಯಾಗಿರಿ ಎಂದೆ.

ಆಪಾ ಸಿನಿಮಾದ ಹೆಸರನ್ನು ಇನ್ನೊಂದು ಸಲ ಹೇಳಿಸಿಕೊಂಡಳು. "ಅದ್ಯಾಕೆ ಬೇಟಾ ಈಗ? ಬೇರೆ ಯಾವ್ದಾರ ಹಾಕು. ದೇವ್ರುದ್ದೋ ಗೀವ್ರುದ್ದೋ ಆದ್ರೂ ನಾನು ನೋಡ್ತೀನಿ" ಎಂದಳು. ನನಗೆ ತೊಂದರೆ ಕೊಡಬಾರದೆಂಬ ಸಂಕೋಚ ಅಂದುಕೊಂಡೆ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಇಬ್ಬರು ಮುದುಕಿಯರೂ ಸೋಫಾದ ಮೇಲೆ ಕೂತರು. ಅವ್ವ ಒಳ್ಳೆಯ ಸೀರೆ ಉಟ್ಟಿದ್ದಳು. ನಾನು ಎದ್ದು ನಿಂತು ಆ ಕಾಲದ ಛಾಯಾಗ್ರಹಣದ ಬಗ್ಗೆ ಎರಡು ಮಾತಾಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮೊದಲ ಹತ್ತು ನಿಮಿಷದಲ್ಲೇ ತಕರಾರು ಶುರು. ನಾಯಕಿ ಬಂದಳು.

"ಇವ್ಳ್ಯಾರು?"

"ಇವ್ಳೇ ಕಣವ್ವ ಹೀರೋಯಿನ್ನು."

"ಸುಮ್ಕಿರ್ಲಾ. ಅವ್ಳು ಎತ್ರುಕ್ಕವ್ಳೆ, ಕಪ್ಗವ್ಳೆ. ಇದ್ಯಾವ್ದೋ ಬೊಂಬೆ ತಂದ್ ನಿಲ್ಸವ್ರೆ."

ಸೀರೆ ಹಸಿರು ಎಂದಳು. ಅವ್ವ, ಇದು ಕಪ್ಪು-ಬಿಳುಪು ಎಂದೆ. "ಆದ್ರೇನ್ಲಾ, ಅಸ್ರೇ ಅದು" ಎಂದಳು. ಅತ್ತೆಯ ಪಾತ್ರ ಮಾತ್ರ ತಾನು ಅಂದುಕೊಂಡಂತೆಯೇ ಇದೆ ಎಂದು ಒಪ್ಪಿದಳು, ಅದಕ್ಕೆ ಕಾರಣ ಅಪ್ಪನ ತಾಯಿಯನ್ನು ಕಂಡ ನನಗೆ ಗೊತ್ತು. ಪರದೆಯ ಮೇಲೆ ಒಬ್ಬೊಬ್ಬರು ಬಾಯಿ ತೆರೆಯುವ ಮೊದಲೇ ಅವ್ವ ಅವರ ಮಾತು ಹೇಳಿಬಿಡುತ್ತಿದ್ದಳು. ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು. ನಾನು ಇದನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದೆ.

ಕೊನೆಯ ಭಾಗ ಹತ್ತಿರವಾಗುತ್ತಿದ್ದಂತೆ ಆಪಾ ಸೆರಗು ಸರಿಮಾಡಿಕೊಂಡು ಎದ್ದಳು. "ಸಾಕು ಬೇಟಾ, ಬಂದ್ ಮಾಡು. ನಮಾಜ್‌ಗೆ ವೊತ್ತಾಯ್ತು, ಮನೆಗೆ ಬುಟ್ಬುಡು."

"ಇನ್ನೇನ್ ಐದ್ ನಿಮಿಷ ಆಪಾ. ಕ್ಲೈಮ್ಯಾಕ್ಸೇ ಮುಖ್ಯ" ಎಂದೆ. ಎಂಥ ರಸಿಕ ನಾನು!

ಗಂಡ ಬೈದ. ತಟ್ಟೆ ಬಿತ್ತು. ಚಿಲಕ ತೆಗೆದಳು. ಅವ್ವ ಮುಂದಕ್ಕೆ ಬಾಗಿ ಕೂತಳು. ರೈಲ್ವೆ ಸ್ಟೇಷನ್ನು ಬಂತು, ರೈಲು ಕೂಗಿತು, ಬಂದು ನಿಂತಿತು. ನಾಯಕಿ ಕೈಯಲ್ಲಿ ಗಂಟು ಹಿಡಿದು ಪ್ಲಾಟ್‌ಫಾರಂ ಮೇಲೆ ನಿಂತಿದ್ದಾಳೆ. ರೈಲು ಹೊರಟಿತು. ಡಬ್ಬಿಗಳು ಒಂದೊಂದಾಗಿ ಅವಳ ಮುಂದೆ ಹಾದುಹೋದವು. ಕೊನೆಯ ಡಬ್ಬಿಯೂ ಹೋದ ಮೇಲೆ ನೋಡಿದರೆ ಅವಳು ಅಲ್ಲೇ ನಿಂತಿದ್ದಾಳೆ. ಪಿಟೀಲು ಶುರುವಾಯಿತು. ಅವಳು ತಿರುಗಿದಳು, ಬಂದ ದಾರಿಯಲ್ಲೇ ನಡೆದಳು, ಮನೆಯೊಳಗೆ ಹೋಗಿ ಗಂಡನ ಕಾಲಿನ ಹತ್ತಿರ ಕೂತು ಪಾದಕ್ಕೆ ಹಣೆ ಹಚ್ಚಿದಳು. ಅವನು ಅವಳ ತಲೆ ನೇವರಿಸಿದ. ಪಿಟೀಲು ಇನ್ನೂ ನುಡಿಯುತ್ತಿತ್ತು. 'ಶುಭಂ' ಎಂದು ಬಂತು.

ನಾನು ವಿಡಿಯೋ ನಿಲ್ಲಿಸಿದೆ.

"ನೀನು ನೋಡಿದ್ದೆ" ಎಂದಳು ಅವ್ವ, ಆಪಾಳ ಕಡೆ ತಿರುಗದೆ.

"ಊಂ, ನೋಡಿದ್ದೆ."

"ಒಂಟೋದ್ಲು ಅಂದ್ಯಲ್ಲ."

ಆಪಾ ಮತ್ತೆ ಸೋಫಾದ ಮೇಲೆ ಕೂತಳು. "ಆವತ್ತು ನಿನ್ ಕಪಾಳ ಊದ್ಕಂಡಿತ್ತು ಕಣೆ. ಅಂಗೇ ಗೋಡೆ ಮೇಲಿಂದ ಕೇಳ್ದೆ, ಅವ್ಳು ಒಂಟೋದ್ಲಾ ಅಂತ. ಇಲ್ಲ, ವಾಪಸ್ ಬಂದು ಗಂಡುನ್ ಕಾಲ್ ಇಡ್ಕಂಡ್ಲು ಅಂತ ಯಾವ್ ಬಾಯಲ್ಲಿ ಯೋಳ್ಲಿ? ನೀನಾರ ಓಗ್ಲಿ ಅಂತ ಅಂಗಂದೆ. ಅಲ್ಲಾ ಮಾಫ್ ಮಾಡ್ಲಿ."

"ಓಗಿದ್ನಲ್ಲ" ಎಂದಳು ಅವ್ವ.

"ಎಲ್ಲಿಗೆ ಅತ್ತೆ?" ಎಂದು ಕೇಳಿದ್ದು ನನ್ನ ಹೆಂಡತಿ.

"ಬಸ್‌ಸ್ಟಾಂಡ್ ಗಂಟ. ಬೆಳಗೊಳದ ತಾವ ಫ್ಯಾಕ್ಟ್ರೀಲಿ ಎಂಗುಸ್ರುಗೂ ಕೆಲ್ಸ ಕೊಡ್ತಾರೆ ಅಂತ ಯಾರೋ ಅಂದಿದ್ರು. ಎರಡ್ ಸೀರೆ ಗಂಟ್ ಕಟ್ಕಂಡು ಓದೆ. ಮಕ್ಳುನ್ನ ಆಪಾ ಕೈಲಿ ಬುಟ್ಟೆ, ಸಂತೆಗೋಗ್ ಬತ್ತೀನಿ ಅಂತ. ಬಸ್ಸೂ ಬಂತು. ಕಂಡಕ್ಟ್ರು ಎರಡ್ ಸತಿ ಕರ್ದ, ಬಸ್ ಅತ್ತವ್ವ ಅತ್ತವ್ವ ಅಂತ. ನಿಂತೇ ಇದ್ದೆ. ಒಂಟೋಯ್ತು."

ಆ ಮಧ್ಯಾಹ್ನ ನನಗೆ ನೆನಪಿದೆ. ನಾನೂ ತಂಗಿಯೂ ಆಪಾ ಮನೆಯಲ್ಲಿ ಬಿಸಿ ಪರೋಟ ತಿಂದೆವು. ಬೇಡ ಬೇಡ ಎಂದರೂ ಆಪಾ ಸಕ್ಕರೆ ಉದುರಿಸಿ ಉದುರಿಸಿ ಕೊಡುತ್ತಲೇ ಇದ್ದಳು. ಬಾಲ್ಯದ ಸವಿನೆನಪು ಎಂದು ಅದನ್ನು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಅರವತ್ತು ದಾಟಿದ ಪಿಂಚಣಿದಾರ ನಾನು. ಅವ್ವ ಅನುಭವಿಸಿದ್ದಕ್ಕೆ ಸಂಕಟಪಡಬೇಕಿತ್ತು. ಅದರ ಬದಲು ನನಗೆ ಚುಚ್ಚಿದ್ದು ಬೇರೆಯೇ. ಅದಕ್ಕೆ ನಾಚಿಕೆಯೂ ಆಯಿತು, ಆದರೂ ಕೇಳಿಬಿಟ್ಟೆ.

"ನಮ್ಮುನ್ನ ಬುಟ್ಟು ಒಂಟಿದ್ದಾ ಅವ್ವ?"

"ಊಂ."

"ಮತ್ತೆ... ನಮ್ಗೋಸ್ಕರ ವಾಪಸ್ ಬಂದ್ಯಾ?"

ಯಾವ ಸಿನಿಮಾದಲ್ಲಾದರೂ ತಾಯಿ ಈ ಜಾಗದಲ್ಲಿ ಹೌದು ಎನ್ನುತ್ತಾಳೆ, ನನ್ನ ಮೂರು ಸ್ವದೇಶಿ ಚಿತ್ರಗಳಲ್ಲೂ ಅನ್ನುತ್ತಾಳೆ. ನಾನು ಅದಕ್ಕೇ ಕಾದು ಕೂತಿದ್ದೆ. ಅವ್ವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸುಳ್ಳು ಹೇಳಲೋ ಬೇಡವೋ ಎಂದು ಯೋಚಿಸಿದ ಹಾಗಿತ್ತು.

"ಇಲ್ಲ ಕಣ್ಲಾ. ಎದರ್ಕಂಡ್ಬುಟ್ಟೆ."

ಆಮೇಲೆ ಕಪ್ಪಾಗಿದ್ದ ಟಿ.ವಿ. ಕಡೆ ಮುಖ ತಿರುಗಿಸಿ ಹೇಳಿದಳು:

"ಅವ್ಳಾರೂ ರೈಲತ್ಕಂಡ್ಲು ಅಂದ್ಕಂಡಿದ್ದೆ."